ಊರು ಸುತ್ತಿ ಬಂದ ಮೇಲೆ ಹಾಳೆ ಮೇಲೆ ಏನು ಮಾಡುತ್ತೀರಿ?

ಹಾಳೆಮನೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ನೋಟ್‌ಬುಕ್ಕು, ಶುಭಾಶಯ ಪತ್ರ, ಮುಯ್ಯಿ ಕವರು, ಉಡುಗೊರೆ ಡಬ್ಬಿ ಮಾಡಿ ಮಾರುತ್ತೇನೆ. ಬಿಡುವಾದಾಗ ಊರೂರು ಸುತ್ತುವುದೂ ಇಷ್ಟ. ಎರಡನ್ನೂ ಒಂದು ಕಡೆ ಸೇರಿಸಬೇಕು ಅಂತ ಬಹಳ ದಿನದ ಆಸೆ.

ಹೋದ ಕಡೆಯೆಲ್ಲ ಫೋನ್ ತುಂಬಾ ಫೋಟೋ ತೆಗೆಯುತ್ತೇನೆ. ಮನೆಗೆ ಬಂದು ಕೂತರೆ ಅದನ್ನೇ ಪ್ರಿಂಟ್ ಹಾಕಿಸಿ ರಟ್ಟಿಗೆ ಅಂಟಿಸುವುದು ಬಿಟ್ಟು ಬೇರೇನೂ ಹೊಳೆಯುವುದಿಲ್ಲ. ದುರ್ಗದ ಕೋಟೆಯ ಫೋಟೋ ಇರುವ ನೋಟ್‌ಬುಕ್ಕನ್ನು ಯಾರು ಬೇಕಾದರೂ ಮಾಡಬಹುದು. ನನಗೆ ಬೇಕಿರುವುದೇ ಬೇರೆ. ಮೇಲೆ ಊರಿನ ಹೆಸರು ಇರಬಾರದು, ಫೋಟೋನೂ ಇರಬಾರದು. ಆದರೂ ಕೈಗೆ ತಗೊಂಡವರಿಗೆ ‘ಇದು ಆ ಕಡೆಯದು’ ಅಂತ ಗೊತ್ತಾಗಬೇಕು.

ಈಚೆಗೆ ಪುದುಚೇರಿಗೆ ಹೋಗಿದ್ದೆ. ಅಲ್ಲಿ ಅರವಿಂದಾಶ್ರಮದವರ ಕೈಕಾಗದದ ಕಾರ್ಖಾನೆ 1959ರಿಂದ ಇದೆ. ಹತ್ತಿಬಟ್ಟೆಯ ಚೂರನ್ನು ನುಣ್ಣಗೆ ಅರೆದು ನೀರಿನಲ್ಲಿ ಕದಡುತ್ತಾರೆ. ಜಾಲರಿ ಚೌಕಟ್ಟನ್ನು ಅದರಲ್ಲಿ ಮುಳುಗಿಸಿ ಎತ್ತಿದರೆ ನೀರು ಇಳಿದು ತೆಳ್ಳನೆಯ ಪದರ ನಿಲ್ಲುತ್ತದೆ. ಆ ಪದರವನ್ನು ಒದ್ದೆ ಬಟ್ಟೆ ಮೇಲೆ ಬೋರಲು ಹಾಕಿ, ಒಂದರ ಮೇಲೊಂದು ಪೇರಿಸಿ, ಒತ್ತಿ, ಒಣಗಿಸುತ್ತಾರೆ. ಅಲ್ಲಿಂದ ಬಂದಾಗಿನಿಂದ ಒಂದೇ ಯೋಚನೆ. ಆ ಕೈಕೆಲಸವನ್ನು ನಮ್ಮ ಕಡೆಯ ಸಾಮಾನಿನಲ್ಲಿ ಮಾಡಿದರೆ ಹೇಗಿರುತ್ತದೆ?

ನೀವೆಲ್ಲ ಬೇರೆ ಊರಿಗೆ ಹೋದಾಗ ಏನು ನೋಡುತ್ತೀರಿ, ಏನು ಬರೆದಿಟ್ಟುಕೊಳ್ಳುತ್ತೀರಿ? ದಯವಿಟ್ಟು ಹೇಳಿ.

ದುರ್ಗದ ಬಂಡೆ (ಚಿತ್ರದುರ್ಗ)

ಅಕ್ಕಾ, ಮುಂದಿನ ಸಲ ನಮ್ಮ ಕೋಟೆಗೆ ಬಂದಾಗ ಫೋನು ಬ್ಯಾಗಲ್ಲೇ ಇರಲಿ. ಸುಮ್ನೆ ನಡೆಯಿರಿ. ಒಂದು ಬಾಗಿಲು ದಾಟಿದರೆ ಮುಂದಿನದು ಎದುರಿಗೆ ಕಾಣುವುದಿಲ್ಲ. ದಾರಿ ತಿರುಗುತ್ತದೆ, ಗೋಡೆ ಅಡ್ಡ ಬರುತ್ತದೆ. ನುಗ್ಗಿ ಬಂದವನಿಗೆ ಓಡಲು ನೇರ ದಾರಿ ಸಿಗಬಾರದು ಅಂತ ಹಾಗೆ ಕಟ್ಟಿದ್ದು. ಕೋಟೆಯ ಗುಟ್ಟೆಲ್ಲ ಆ ತಿರುವಿನಲ್ಲೇ ಇದೆ. ಅದು ಫೋಟೋದಲ್ಲಿ ಬರುವುದೇ ಇಲ್ಲ, ಹಾಳೆಯಲ್ಲಿ ಬರುತ್ತದೆ!

ಹೀಗೆ ಮಾಡಿ ನೋಡಿ. ಒಂದು ದೊಡ್ಡ ಹಾಳೆಯನ್ನು ಉದ್ದಕ್ಕೆ ನಾಲ್ಕು, ಅಗಲಕ್ಕೆ ನಾಲ್ಕು ಬರುವ ಹಾಗೆ ಮಡಚಿ ಬಿಚ್ಚಿ. 16 ಮನೆ ಆಗುತ್ತವೆ. ಮೊದಲನೇ ಅಡ್ಡಗೆರೆಯನ್ನು ಎಡದಿಂದ ಕತ್ತರಿಸುತ್ತಾ ಹೋಗಿ, ಕೊನೆಯ ಮನೆ ಬಿಟ್ಟುಬಿಡಿ. ಎರಡನೆಯದನ್ನು ಬಲದಿಂದ ಕತ್ತರಿಸಿ, ಅಲ್ಲೂ ಕೊನೆಯ ಮನೆ ಬಿಡಿ. ಮೂರನೆಯದು ಮತ್ತೆ ಎಡದಿಂದ. ಈಗ ಅದನ್ನು ಹಿಂದೆ ಮುಂದೆ ಮಡಚುತ್ತಾ ಹೋದರೆ ಹೊಲಿಗೆ ಇಲ್ಲದ ಪುಟ್ಟ ಪುಸ್ತಕ. ಓದುವವರು ಸಾಲಿನ ಕೊನೆಗೆ ಬಂದಾಗ ಪುಸ್ತಕವನ್ನೇ ತಿರುಗಿಸಬೇಕಾಗುತ್ತದೆ. ನಮ್ಮೂರಿನ ಶಾಲೆ ಮಕ್ಕಳಿಗೆ ಇದನ್ನು ಮಾಡಿಸಿದ್ದೇನೆ. ಕೊನೆಯ ಮನೆಯಲ್ಲಿ ಒಂದು ಸಣ್ಣ ಸೀಳು ಮಾಡಿ ಅದರ ಹಿಂದೆ ಒನಕೆ ಬರೆದರು. ಓಬವ್ವನ ಮುಖ ಯಾರೂ ಬರೆಯಲಿಲ್ಲ, ಆದರೂ ಎಲ್ಲರಿಗೂ ತಿಳಿಯಿತು.

ಇನ್ನೊಂದು ವಿಷಯ. ಬಂಡೆಗಳ ಅಂಚಿನಲ್ಲಿ ಸಾಲಾಗಿ ಚೌಕ ತೂತುಗಳ ಗುರುತು ಇರುತ್ತವೆ, ಗಮನಿಸಿದ್ದೀರಾ? ಕಲ್ಲು ಸೀಳಲು ಬೆಣೆ ಇಳಿಸಿದ ಜಾಗ ಅವು. ಒಂದೇ ಅಂತರ, ಒಂದೇ ಆಳ. ಬೆನ್ನು ಮುಚ್ಚದ ನೋಟ್‌ಬುಕ್ಕಿನಲ್ಲಿ ಹೊಲಿಗೆಯ ತೂತುಗಳನ್ನು ಹಾಗೇ ಕಾಣುವಂತೆ ಬಿಟ್ಟರೆ ಚೆನ್ನಾಗಿರುತ್ತದೆ. ಬೂದು ಬಣ್ಣದ ರಟ್ಟು, ಕೆಂಪು ದಾರ. ಅಷ್ಟೇ ಸಾಕು.

ಕಸೂತಿ ಕೈ (ಹರಿಹರ)

ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ನೋಟ ಎಲ್ಲರಿಗೂ ಸಿಗುತ್ತದೆ. ಆ ಜಾಗ ಹೇಗೆ ಕಟ್ಟಿದ್ದಾರೆ ಅಂತ ನೋಡಿದವರಿಗೆ ಹೊಸದು ಸಿಗುತ್ತದೆ.

ನಮ್ಮ ಹರಿಹರೇಶ್ವರ ಗುಡಿ 1224ರಲ್ಲಿ ಹೊಯ್ಸಳರ ಕಾಲದಲ್ಲಿ ಕಟ್ಟಿದ್ದು. ಮೂರ್ತಿ ಅರ್ಧ ಹರಿ, ಅರ್ಧ ಹರ. ನಾನು ಅದರಿಂದ ಜೋಡಿ ಪುಸ್ತಕ ಮಾಡಿದೆ. ಮೂರು ರಟ್ಟು ತಗೊಳ್ಳಿ. ನಡುವಿನ ರಟ್ಟು ಎರಡೂ ಪುಸ್ತಕಕ್ಕೆ ಸೇರಿದ್ದು. ಒಂದು ಪುಸ್ತಕ ಈ ಕಡೆ ತೆರೆಯುತ್ತದೆ, ತಿರುಗಿಸಿದರೆ ಇನ್ನೊಂದು ಆ ಕಡೆ. ಎರಡೂ ಬೆನ್ನು ಕೊಟ್ಟು ನಿಂತಿರುತ್ತವೆ. ಮದುವೆ ಉಡುಗೊರೆಗೆ ತುಂಬಾ ಕೇಳುತ್ತಾರೆ, ಒಂದರಲ್ಲಿ ಅವನ ಮಾತು, ಇನ್ನೊಂದರಲ್ಲಿ ಅವಳ ಮಾತು. ದೇವರ ಚಿತ್ರ ಮಾತ್ರ ಹಾಕುವುದಿಲ್ಲ. ನೋಟ್‌ಬುಕ್ಕು ನೆಲಕ್ಕೆ ಬೀಳುತ್ತದೆ, ಕಾಲಿಗೆ ಸಿಗುತ್ತದೆ, ಕೊನೆಗೆ ರದ್ದಿಗೆ ಹೋಗುತ್ತದೆ. ಅದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಬಿಳಿಹಾಳೆ (ದಾವಣಗೆರೆ)

ನಾನು ಚಿತ್ರಕಲೆ ಓದುತ್ತಿರುವವಳು. ಒಂದು ಪ್ರಶ್ನೆ. ಗುಡಿ ಕಂಬದ ಮೇಲೆ, ಶಾಸನದ ಮೇಲೆ ತೆಳ್ಳನೆ ಹಾಳೆ ಇಟ್ಟು ಇದ್ದಿಲು ಉಜ್ಜಿದರೆ ಅಚ್ಚು ಚೆನ್ನಾಗಿ ಬರುತ್ತದೆ. ಅದನ್ನು ಕವರಿಗೆ ಬಳಸಬಹುದಾ?

ದುರ್ಗದ ಬಂಡೆ (ಚಿತ್ರದುರ್ಗ)

ಬೇಡಮ್ಮಾ. ಸಂರಕ್ಷಿತ ಸ್ಮಾರಕ ಮುಟ್ಟಿ ಮಾಡುವ ಕೆಲಸ ಯಾವುದೂ ಬೇಡ. ಶಾಸನದ ಅಚ್ಚು ತೆಗೆಯುವವರು ಅನುಮತಿ ಪಡೆದು, ತಿಳಿದವರ ಕೈಯಲ್ಲಿ ತೆಗೆಸುತ್ತಾರೆ. ನಮ್ಮ ಇದ್ದಿಲು ಕಲ್ಲಿನ ಸಂದಿಗೆ ಹೋದರೆ ಮತ್ತೆ ಬರುವುದಿಲ್ಲ. ಉಜ್ಜಲೇಬೇಕು ಅಂದರೆ ಮನೆಯ ಒರಳು, ಹಳೇ ಬಾಗಿಲು, ಬುಟ್ಟಿ, ಗೋಣಿಚೀಲ ಇವೆಯಲ್ಲ. ಎಷ್ಟು ಬೇಕಾದರೂ ಉಜ್ಜಿ. ಸ್ಮಾರಕದ ಮುಂದೆ ಕೂತು ಪೆನ್ಸಿಲ್ ಹಿಡಿದು ಬರೆಯಿರಿ. ಬರೆದಾಗ ಕಣ್ಣಿಗೆ ಬೀಳುವುದು ಉಜ್ಜಿದಾಗ ಬೀಳುವುದಿಲ್ಲ.

ಶಾಸನ ಅಂದಿರಲ್ಲ, ಮೊಳಕಾಲ್ಮೂರು ಕಡೆ ಹೋಗಿ ಬನ್ನಿ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರು ಕಡೆ ಅಶೋಕನ ಶಾಸನ ಇವೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಯಲ್ಲಿ ಬರೆದವನು ತನ್ನ ಹೆಸರು ಹಾಕಿದ್ದಾನೆ, ಚಪಡ ಅಂತ. ‘ಲಿಪಿಕಾರ’ ಅನ್ನುವ ಭಾಗವನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಕೆತ್ತಿದ್ದಾನೆ. ಆ ಲಿಪಿ ದೂರದ ವಾಯವ್ಯ ಭಾರತದ್ದು. ರಾಜನ ಆಜ್ಞೆಯ ಕೊನೆಯಲ್ಲಿ ಕೆಲಸ ಮಾಡಿದವನ ಗುರುತು, ನಮ್ಮ ಜಿಲ್ಲೆಯ ಬಂಡೆ ಮೇಲೆ!

ಅದನ್ನು ಓದಿದ ಮೇಲೆ ನಾನು ಮಾಡುವ ಪ್ರತಿಯೊಂದು ಪುಸ್ತಕದ ಕೊನೆಯ ಹಾಳೆಯಲ್ಲಿ ಯಾವ ಕಾಗದ, ಯಾವ ದಾರ, ಯಾವ ತಿಂಗಳು, ಯಾರ ಕೈ ಅಂತ ನಾಲ್ಕು ಸಾಲು ಬರೆಯುತ್ತೇನೆ. ಕೊಂಡವರು ಮೊದಲು ತೆರೆಯುವುದೇ ಆ ಪುಟ.

ಎರಡು ಮಕ್ಕಳ ತಾಯಿ (ದಾವಣಗೆರೆ)

ಎಲ್ಲಾ ಓದಲು ಚೆಂದ. ಆದರೆ ನನ್ನಂಥವರಿಗೆ ಪುದುಚೇರಿ, ಬ್ರಹ್ಮಗಿರಿ ಎಲ್ಲಾ ದೂರದ ಮಾತು. ಮಕ್ಕಳ ಶಾಲೆ, ಮನೆಕೆಲಸ ಬಿಟ್ಟು ಹೋಗುವುದು ಕಷ್ಟ. ಊರು ಬಿಡದೆ ಏನೂ ಆಗುವುದಿಲ್ಲವಾ?

ದಬ್ಬಣ (ದಾವಣಗೆರೆ)

ಯಾಕಾಗಲ್ಲ ತಾಯಿ, ಧಾರಾಳವಾಗಿ ಆಗುತ್ತದೆ. ನಾನು ಬೈಂಡಿಂಗ್ ಕೆಲಸದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವನು. ಮಕ್ಕಳನ್ನು ಶಾಲೆಗೆ ಬಿಟ್ಟ ಮೇಲೆ ಮಂಡಿಪೇಟೆ, ಚೌಕಿಪೇಟೆಯಲ್ಲಿ ಒಂದು ಸುತ್ತು ಬನ್ನಿ.

ಅಲ್ಲಿ ಕೆಂಪು ಬಟ್ಟೆ ಹೊದಿಸಿದ ಲೆಕ್ಕದ ಪುಸ್ತಕ ಸಿಕ್ಕರೆ ಒಂದು ತಗೊಳ್ಳಿ. ದೀಪಾವಳಿಯಲ್ಲಿ ಅಂಗಡಿಯವರು ಪೂಜೆ ಮಾಡುತ್ತಾರಲ್ಲ, ಅದು. ಉದ್ದ ಜಾಸ್ತಿ, ಅಗಲ ಕಮ್ಮಿ. ಗಟ್ಟಿ ರಟ್ಟಿಲ್ಲದೆ ಬಾಗುತ್ತದೆ, ಸುತ್ತಿ ದಾರ ಕಟ್ಟಬಹುದು. ದಾರದ ಹೊಲಿಗೆ ಕವರಿನ ಮೇಲೇ ಕಾಣುತ್ತದೆ. ಈಗ ಪಟ್ಟಣದ ಅಂಗಡಿಗಳಲ್ಲಿ ‘ಪ್ರಯಾಣದ ಡೈರಿ’ ಅಂತ ಚರ್ಮ ಹೊದಿಸಿ ದುಬಾರಿಗೆ ಮಾರುವುದು ಹೆಚ್ಚುಕಡಿಮೆ ಇದೇ ಕಟ್ಟು. ಮೈದಾ ಚೀಲದ ಬಟ್ಟೆ, ಹಳೇ ಸೀರೆ ಅಂಚು, ಯಾವುದನ್ನಾದರೂ ಹೊದಿಸಿ ನೋಡಿ.

ಎಪಿಎಂಸಿಯಲ್ಲಿ ಚೀಲ ಹೊಲಿಯುವವರ ಕೈ ಒಮ್ಮೆ ನಿಂತು ನೋಡಿ. ದಬ್ಬಣ, ಸುತಲಿ ದಾರ, ಎರಡೇ ಸಾಮಾನು. ಒಂದು ಎಳೆತಕ್ಕೆ ಗಂಟು ಬಿಗಿಯಾಗುತ್ತದೆ, ಬಿಚ್ಚಬೇಕಾದಾಗ ತುದಿ ಹಿಡಿದು ಎಳೆದರೆ ಇಡೀ ಹೊಲಿಗೆ ಸರಸರ ಬಿಚ್ಚುತ್ತದೆ. ಉಡುಗೊರೆ ಚೀಲದ ಬಾಯಿಗೆ ಆ ಹೊಲಿಗೆ ಹಾಕಿ. ತೆರೆಯುವವರಿಗೆ ಎಳೆಯುವುದೇ ಒಂದು ಖುಷಿ.

ಅಂಟಿನ ವಿಷಯವೂ ಹೇಳಿಬಿಡುತ್ತೇನೆ. ನಾವು ಮೈದಾ ಗಂಜಿಗೆ ಚೂರು ಮೈಲುತುತ್ತ ಹಾಕುತ್ತೇವೆ, ಹುಳ ಬರಬಾರದು ಅಂತ. ಅದು ವಿಷ. ಮಕ್ಕಳಿರುವ ಮನೆಯಲ್ಲಿ ಹಾಕಲೇಬೇಡಿ. ಆ ದಿನಕ್ಕೆ ಬೇಕಾದಷ್ಟೇ ಗಂಜಿ ಕಾಯಿಸಿ, ಉಳಿದರೆ ಚೆಲ್ಲಿ.

ಎರಡು ಮಕ್ಕಳ ತಾಯಿ (ದಾವಣಗೆರೆ)

ಚೀಲದ ಹೊಲಿಗೆ! ದಿನಾ ಅಕ್ಕಿ ಚೀಲ ಬಿಚ್ಚುತ್ತೇನೆ, ಆ ದಾರ ಎಳೆಯಲು ನನ್ನ ಮಕ್ಕಳಿಬ್ಬರೂ ಜಗಳ ಆಡುತ್ತಾರೆ. ಧನ್ಯವಾದ ಅಣ್ಣಾ.

ಬಯಲುಸೀಮೆ (ಚಳ್ಳಕೆರೆ)

ಹಾಳೆಮನೆ ಮೇಡಂ, ನೀವು ಪುದುಚೇರಿಯಲ್ಲಿ ಕಂಡಿದ್ದು ಬರೆದಿರಲ್ಲ, ಒದ್ದೆ ಪದರವನ್ನು ಬಟ್ಟೆ ಮೇಲೆ ಬೋರಲು ಹಾಕುವುದು. ಯುರೋಪಿನ ಹಳೇ ಪದ್ಧತಿಯಲ್ಲಿ ಅಲ್ಲಿಗೆ ಉಣ್ಣೆಯದ್ದೇ ಹಾಸು ಬಳಸುತ್ತಿದ್ದರು. ಉಣ್ಣೆ ನೀರು ಹೀರುತ್ತದೆ, ಕಾಗದ ಅದಕ್ಕೆ ಅಂಟಿಕೊಂಡು ಕೂರುವುದಿಲ್ಲ. ಉಣ್ಣೆ ಅಂದರೆ ನಮ್ಮ ಕಡೆ ಏನು? ಕಂಬಳಿ! ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇರಬಹುದು.

ಚಳ್ಳಕೆರೆ ಸುತ್ತ ಕಂಬಳಿ ನೇಯುವ ಮನೆಗಳಿವೆ. ಕರಿ ಉಣ್ಣೆ, ಬಣ್ಣ ಹಾಕಿದ್ದಲ್ಲ, ಕುರಿಯದ್ದೇ ಬಣ್ಣ. ನೇಯುವ ಮೊದಲು ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಹಾಸಿನ ಎಳೆಗೆ ಹುಣಸೆ ಬೀಜದ ಗಂಜಿ ಬಳಿಯುತ್ತಾರೆ, ಎಳೆ ಗಟ್ಟಿಯಾಗಲಿ ಅಂತ. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ಕುದಿಸಿದರೆ ಅಂಟಾಗುತ್ತದೆ. ಕಾಗದಕ್ಕೂ ಅದೇ ಅಂಟನ್ನು ತೆಳ್ಳಗೆ ಮಾಡಿ ಬಳಿದು ನೋಡಿ. ಶಾಯಿ ಹರಡುವುದು ಕಮ್ಮಿಯಾಗುತ್ತದೆ.

ಬಿಳಿಹಾಳೆ (ದಾವಣಗೆರೆ)

ಹುಣಸೆ ಬೀಜದ ಅಂಟು ಅಂದ ಕೂಡಲೇ ಕಡತ ನೆನಪಾಯಿತು. ಕಾಗದ ಎಲ್ಲರ ಕೈಗೂ ಬರುವ ಮೊದಲು ನಮ್ಮವರು ಲೆಕ್ಕಪತ್ರ ಬರೆಯುತ್ತಿದ್ದದ್ದು ಅದರಲ್ಲೇ. ಶೃಂಗೇರಿ ಮಠದ ಕಡತಗಳು ಹೆಸರಾದವು. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಸೇರಿಸಿ ಬಳಿಯುತ್ತಿದ್ದರು. ಒಣಗಿದ ಮೇಲೆ ಕಪ್ಪಗೆ, ರಟ್ಟಿನಂತೆ ಗಟ್ಟಿ. ಹಿಂದಕ್ಕೂ ಮುಂದಕ್ಕೂ ಮಡಚಿ, ಮೇಲೆ ಬಳಪದಿಂದ ಬರೆಯುವುದು. ಒರೆಸಿ ಮತ್ತೆ ಬರೆಯಬಹುದು.

ಹಳೇ ಬಿಳಿ ಪಂಚೆ ತುಂಡಿನಲ್ಲಿ ಅದನ್ನು ಮಾಡಿದೆ. ಮೊದಲ ಕೋಟು ಬಟ್ಟೆ ಕುಡಿದುಬಿಡುತ್ತದೆ. ಒಣಗಿದ ಮೇಲೆ ಇನ್ನೊಂದು, ಮತ್ತೊಂದು. ಪ್ರತಿ ಸಲ ನುಣ್ಣನೆ ಕಲ್ಲಿನಿಂದ ಉಜ್ಜಬೇಕು. ಮಡಿಕೆಯ ಗೆರೆಯನ್ನು ಬಟ್ಟೆ ಅರ್ಧ ಒಣಗಿದಾಗಲೇ ಒತ್ತಿ ಹಾಕಬೇಕು, ಪೂರ್ತಿ ಒಣಗಿದ ಮೇಲೆ ಮಡಚಿದರೆ ಬಳಿದದ್ದು ಬಿರಿಯುತ್ತದೆ. ಅಡುಗೆಮನೆಯಲ್ಲಿ ನೇತುಹಾಕಲು ಸಾಮಾನಿನ ಪಟ್ಟಿ ಬರೆಯುವ ಪುಟ್ಟ ಕಡತ ಮಾಡಿ ಅತ್ತೆಗೆ ಕೊಟ್ಟೆ. ಬಳಪ ಕಟ್ಟಲು ಒಂದು ದಾರವನ್ನೂ ಹಾಕಿದ್ದೇನೆ.

ತಾಂಡಾದವನು (ನ್ಯಾಮತಿ)

ನನ್ನದೂ ಒಂದು ಮಾತು. ಸೂರಗೊಂಡನಕೊಪ್ಪ ನಮ್ಮ ಲಂಬಾಣಿಗಳ ಸಂತ ಸೇವಾಲಾಲರ ಊರು. ಜಾತ್ರೆಗೆ ಬಂದವರು ನಮ್ಮ ಹೆಂಗಸರ ಬಟ್ಟೆಯ ಕಸೂತಿ, ಕನ್ನಡಿ ಎಲ್ಲಾ ನೋಡಿ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಆಮೇಲೆ ಅದೇ ಡಿಸೈನು ಕಾರ್ಡಿನ ಮೇಲೆ, ಕವರಿನ ಮೇಲೆ ಪ್ರಿಂಟ್ ಆಗಿ ಬರುತ್ತದೆ. ಹೊಲಿದ ಅವ್ವನಿಗೆ ಗೊತ್ತೂ ಇರುವುದಿಲ್ಲ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ಪ್ರಿಂಟ್ ಹಾಕಿ ‘ಲಂಬಾಣಿ ಕಲೆ’ ಅಂತ ಮಾರುವುದು ತಪ್ಪು ಅಂತ ನನಗನ್ನಿಸುತ್ತದೆ.

ಬೇಕಾದರೆ ಬಂದು ಕೇಳಿ. ರಟ್ಟಿಗೆ ಹೊದಿಸುವಷ್ಟು ಅಳತೆಯ ಬಟ್ಟೆ ಹೊಲಿದುಕೊಡುತ್ತಾರೆ. ದುಡ್ಡು ಕೊಡಿ, ಹೊಲಿದವರ ಹೆಸರನ್ನು ಆ ಕೊನೆಯ ಪುಟದಲ್ಲಿ ಬರೆಯಿರಿ.

ಹಾಳೆಮನೆ (ದಾವಣಗೆರೆ)

ಅಣ್ಣಾ, ನಿಮ್ಮ ಮಾತು ಮನಸ್ಸಿಗೆ ನಾಟಿತು. ಖಂಡಿತ ಬರುತ್ತೇನೆ. ಫೋಟೋ ತೆಗೆಯಲು ಅಲ್ಲ, ಕೆಲಸ ಕೊಡಲು. ಬೇರೆಯವರ ಕೈಕೆಲಸವನ್ನು ಕಾಗದಕ್ಕೆ ತರುವಾಗ ಅವರ ಕೈಯೂ ಅದರಲ್ಲಿ ಇರಬೇಕು. ಮೊಳಕಾಲ್ಮೂರು ಸೀರೆ ಅಂಚಿಗೂ ಇದೇ ಮಾತು. ನೇಕಾರರ ಹತ್ತಿರ ಉಳಿದ ತುಂಡುಗಳನ್ನು ಕೊಂಡು ಪುಸ್ತಕದ ಬೆನ್ನಿಗೆ ಹಾಕುವುದು ಸರಿಯಾದ ದಾರಿ.

ಅಡಿಕೆ ತೋಟ (ಚನ್ನಗಿರಿ)

ಸಂತೆಬೆನ್ನೂರು ಪುಷ್ಕರಣಿ ಯಾರೂ ಹೇಳಲಿಲ್ಲವಲ್ಲ! ನಾಲ್ಕೂ ಕಡೆ ಮೆಟ್ಟಿಲು, ನಡುವೆ ನೀರಲ್ಲಿ ಮಂಟಪ. ತೆರೆದಾಗ ಎದ್ದು ನಿಲ್ಲುವ ಕಾರ್ಡಿಗೆ ಹೇಳಿ ಮಾಡಿಸಿದ ಹಾಗಿದೆ. ಹಾಳೆಯನ್ನು ಅರ್ಧಕ್ಕೆ ಮಡಚಿ, ಮಡಿಕೆ ಮೇಲೆ ಜೋಡಿ ಸೀಳುಗಳನ್ನು ಕತ್ತರಿಸಿ ಒಳಕ್ಕೆ ತಳ್ಳಿದರೆ ಮೆಟ್ಟಿಲು. ಉದ್ದ, ಗಿಡ್ಡ ಸೀಳುಗಳನ್ನು ಪಕ್ಕಪಕ್ಕ ಮಾಡಿದರೆ ಇಳಿಯುತ್ತಾ ಹೋಗುತ್ತವೆ. ಅಂಗಡಿ ಕಾಗದವಾದರೆ ಎಳೆಯ ದಿಕ್ಕು, ಅಂದರೆ ನಾರು ಸಾಲಾಗಿ ಮಲಗಿರುವ ದಿಕ್ಕು, ನೋಡಿ ಅದರ ಉದ್ದಕ್ಕೇ ಮಡಚಿ, ಇಲ್ಲದಿದ್ದರೆ ಮಡಿಕೆ ಹರಿದಂತೆ ಕಾಣುತ್ತದೆ. ಕೈಕಾಗದಕ್ಕೆ ಆ ಕಾಟ ಕಮ್ಮಿ.

ಅಡಿಕೆ ಹಾಳೆ ಬೇಕಾದವರು ಹೇಳಿ. ತಟ್ಟೆ ಮಾಡಿ ಉಳಿದ ಅಂಚುಗಳು ಡಬ್ಬಿ ಮುಚ್ಚಳಕ್ಕೆ ಚೆನ್ನಾಗಿ ಆಗುತ್ತವೆ.

ಹಾಳೆಮನೆ (ದಾವಣಗೆರೆ)

ಕಂಬಳಿ ಪ್ರಯೋಗ ಆಯಿತು! ಬಯಲುಸೀಮೆಯವರೇ, ನಿಮಗೆ ದೊಡ್ಡ ನಮಸ್ಕಾರ.

ಚಳ್ಳಕೆರೆಗೇ ಹೋಗಿ ನೇಯುವವರ ಮನೆಯಿಂದ ಹೊಸ ಕಂಬಳಿ ತಂದೆ. ಗಂಜಿ ಇರುತ್ತದೆ ಅಂತ ನೀವು ಹೇಳಿದ್ದಿರಲ್ಲ, ಅದಕ್ಕೆ ಅಂಟುವಾಳದ ನೀರಲ್ಲಿ ಒಗೆದೆ. ನೀರು ತಿಳಿಯಾಗುವವರೆಗೆ ಜಾಲಾಡಿಸಿ, ಹಾಳೆ ಅಳತೆಗೆ ಕತ್ತರಿಸಿ, ಅಂಚು ಹೊಲಿದೆ.

ತಿರುಳಿಗೆ ನಮ್ಮ ಜಿಲ್ಲೆಯದ್ದೇ ಬೆಳೆ, ಮೆಕ್ಕೆಜೋಳದ ತೆನೆ ಸಿಪ್ಪೆ. ಸಣ್ಣಗೆ ಕತ್ತರಿಸಿ, ವಾಷಿಂಗ್ ಸೋಡಾ ಹಾಕಿದ ನೀರಲ್ಲಿ ಬೆರಳಿಗೆ ಹಿಸುಕಿದರೆ ನಾರು ಬಿಡುವವರೆಗೆ ಬೇಯಿಸಿದೆ. ಪಾತ್ರೆ ಸ್ಟೀಲ್ ಇರಲಿ, ಅಲ್ಯೂಮಿನಿಯಂ ಪಾತ್ರೆಯನ್ನು ಸೋಡಾ ತಿಂದುಹಾಕುತ್ತದೆ. ಚೆನ್ನಾಗಿ ತೊಳೆದು, ನೆನೆಸಿದ ಹಳೇ ಬಿಳಿ ಕಾಗದದ ಜೊತೆ ಮಿಕ್ಸಿಯಲ್ಲಿ ತಿರುವಿದೆ. ಹತ್ತಿಬಟ್ಟೆಯನ್ನು ಮಾತ್ರ ಮನೆ ಮಿಕ್ಸಿಗೆ ಹಾಕಬೇಡಿ, ಎಳೆ ಬ್ಲೇಡಿಗೆ ಸುತ್ತಿಕೊಳ್ಳುತ್ತದೆ. ಅದಕ್ಕೆ ಹಾಲೆಂಡರ್ ಬೀಟರ್ ಅನ್ನುವ ಬೇರೆ ಯಂತ್ರ ಬೇಕು.

ಚೌಕಟ್ಟನ್ನು ಕಂಬಳಿ ಮೇಲೆ ಒಂದು ಅಂಚಿನಿಂದ ಊರಿ, ಒತ್ತಿ, ಇನ್ನೊಂದು ಅಂಚಿಗೆ ಉರುಳಿಸಿ ಎತ್ತಿದೆ. ಪದರ ಪೂರ್ತಿ ಕಂಬಳಿಗೆ ಇಳಿಯಿತು. ಅದರ ಮೇಲೆ ಇನ್ನೊಂದು ಕಂಬಳಿ, ಮತ್ತೆ ಪದರ. ಮೇಲೆ ಹಲಗೆ ಇಟ್ಟು ಹತ್ತಿ ನಿಂತೆ. ಉಣ್ಣೆ ಎಷ್ಟು ನೀರು ಬಿಟ್ಟಿತೆಂದರೆ ಹಿತ್ತಲೆಲ್ಲ ಒದ್ದೆ.

ಒಣಗಿದ ಮೇಲೆ ನೋಡಬೇಕಿತ್ತು. ಕಾಗದ ತಿಳಿ ಹಳದಿ. ಒಂದು ಮುಖದಲ್ಲಿ ಕಂಬಳಿಯ ಹಾಸು ಹೊಕ್ಕು ಸ್ಪಷ್ಟವಾಗಿ ಒತ್ತಿದೆ, ಬೆರಳು ಆಡಿಸಿದರೆ ಎಳೆ ಎಣಿಸಬಹುದು. ಅಲ್ಲಲ್ಲಿ ಒಂದೊಂದು ಕರಿ ಕೂದಲು ಕಾಗದದೊಳಗೇ ಸಿಕ್ಕಿಕೊಂಡಿದೆ. ಊರಿನ ಹೆಸರು ಬರೆದಿಲ್ಲ, ಫೋಟೋ ಇಲ್ಲ. ನಮ್ಮ ಮಾವನವರ ಕೈಗೆ ಕೊಟ್ಟೆ. ಮುಟ್ಟಿದ ತಕ್ಷಣ ‘ಕಂಬಳಿ’ ಅಂದರು.

ಎರಡು ಪ್ರಶ್ನೆ ಉಳಿದಿವೆ. ಆ ಕೂದಲು ಬಿಡಲೇ, ತೆಗೆಯಲೇ? ಮತ್ತೆ ಈ ಕಾಗದ ದಪ್ಪ, ಹೊಲಿಯುವುದು ಹೇಗೆ?

ಬಯಲುಸೀಮೆ (ಚಳ್ಳಕೆರೆ)

ಓದಿ ಬಹಳ ಖುಷಿಯಾಯಿತು ಮೇಡಂ. ಕೂದಲು ಬಿಡಿ. ಪೆನ್ನಿನಲ್ಲಿ ಬರೆಯುವ ಒಳಹಾಳೆಗೆ ಮಾತ್ರ ಬೇಡ, ನಿಬ್ಬಿಗೆ ಸಿಗುತ್ತದೆ. ಕವರಿಗೆ, ಕಾರ್ಡಿಗೆ ಅದೇ ಶೋಭೆ. ಕಂಬಳಿಯನ್ನು ಪ್ರತಿ ಸಲ ಪೂರ್ತಿ ಒಣಗಿಸಿ ಎತ್ತಿಡಿ. ಒದ್ದೆ ಇಟ್ಟರೆ ಮುಗ್ಗಲು ವಾಸನೆ ಬರುತ್ತದೆ. ಬೇವಿನ ಸೊಪ್ಪು ಜೊತೆಗಿರಲಿ.

ದಬ್ಬಣ (ದಾವಣಗೆರೆ)

ದಪ್ಪ ಕಾಗದವಾದರೆ ಒಟ್ಟಿಗೆ ಮಡಚಿ ಹೊಲಿಯುವ ಒಂದೊಂದು ಕಟ್ಟಿನಲ್ಲಿ ಎರಡು ಮೂರು ಹಾಳೆಗಿಂತ ಜಾಸ್ತಿ ಸೇರಿಸಬೇಡಿ. ಮಡಚುವ ಗೆರೆಗೆ ಒದ್ದೆ ಬೆರಳು ಆಡಿಸಿ, ಮಡಿಕೆ ಒತ್ತುವ ಮೂಳೆಪಟ್ಟಿ ಇಲ್ಲದಿದ್ದರೆ ಚಮಚದ ಬೆನ್ನಿನಿಂದ ಒತ್ತಿ, ರಾತ್ರಿಯೆಲ್ಲ ಭಾರ ಹೇರಿಡಿ. ತೂತನ್ನು ಮೊದಲೇ ಹಾಕಿಕೊಳ್ಳಿ, ಸೂಜಿಯಿಂದಲೇ ಚುಚ್ಚುತ್ತಾ ಹೋದರೆ ಕಾಗದ ಪಿಸಿಯುತ್ತದೆ. ಹತ್ತಿ ದಾರ ನಾಲ್ಕೆಳೆ ಹುರಿ ಮಾಡಿ, ಜೇನುಮೇಣ ಉಜ್ಜಿ. ಎಳೆಯುವಾಗ ಬೆನ್ನಿನ ದಿಕ್ಕಿಗೇ ಎಳೆಯಿರಿ. ಮೇಲಕ್ಕೆ ಎಳೆದರೆ ತೂತು ಸೀಳುತ್ತದೆ. ಒಂದು ಹಾಳೆ ನನಗೂ ಎತ್ತಿಡಿ ತಾಯಿ, ಆ ಕಡೆ ಬಂದಾಗ ಈಸ್ಕೊಂಡು ಹೋಗುತ್ತೇನೆ.